ಹೇಮಾವತಿಯ ಆಚೆ ದಡದ ಆಟ

ಹೂಮಳೆ ಬಿದ್ದು ಎಂಟು ಹತ್ತು ದಿನಗಳಾದರೆ ಸಾಕು, ಮೂಡಿಗೆರೆಯ ಸುತ್ತಲಿನ ಕಾಫಿ ತೋಟಗಳು ಒಂದು ರಾತ್ರಿ ಕಳೆಯುವುದರೊಳಗೆ ಬೆಳ್ಳಗಾಗಿಬಿಡುತ್ತವೆ. ಗಿಡದ ಒಂದೊಂದು ರೆಕ್ಕೆಯೂ ಮಲ್ಲಿಗೆಯ ದಂಡೆ ಮುಡಿದಂತೆ ತೋರುತ್ತದೆ. ಚಂದ್ರದ್ರೋಣ ಪರ್ವತದ ತಪ್ಪಲಿನಿಂದ ಹಿಡಿದು ಭದ್ರೆಯ ಮಡಿಲಿನ ಕಳಸದವರೆಗೆ, ಆ ಮೂರು ನಾಲ್ಕು ದಿನ, ಬೀಸುವ ಗಾಳಿಯೆಲ್ಲ ಪರಿಮಳ. ಜೇನುಹುಳುಗಳಿಗೆ ಬಿಡುವೆಂಬುದೇ ಇಲ್ಲ. ಬೆಂಗಳೂರಿನಿಂದ ಕಾರಿನಲ್ಲಿ ಬಂದವರು ೧೯೩೦ ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ನಿಂತು, ಕೆಳಗೆ ಹಬ್ಬಿದ ಹಸುರನ್ನೂ ಮೇಲೆ ತೇಲುವ ಮಂಜನ್ನೂ ಕಂಡು, ‘ಇದು ನಮ್ಮ ಸ್ವಿಟ್ಜರ್ಲೆಂಡ್!’ ಎಂದು ಉದ್ಗರಿಸುವುದು ವಾಡಿಕೆಯಾಗಿದೆ. ಹಿಮವನ್ನೇ ಕಾಣದ ನಾಡನ್ನು ಹಿಮದ ನಾಡಿಗೆ ಹೋಲಿಸುವುದು ಎಷ್ಟು ಉಚಿತವೋ! ಆದರೂ ಆ ಹೋಲಿಕೆಯ ಎಳೆಯನ್ನು ಹಿಡಿದು ಸ್ವಲ್ಪ ದೂರ ನಡೆದರೆ ವಿಚಾರ ಮಾಡತಕ್ಕ ಸಂಗತಿಯೊಂದು ಎದುರಾಗುತ್ತದೆ.

ಸ್ವಿಟ್ಜರ್ಲೆಂಡಿನ ಪೂರ್ವ ಭಾಗದಲ್ಲಿ, ೧೫೬೦ ಮೀಟರ್ ಎತ್ತರದ ಕಣಿವೆಯಲ್ಲಿ, ದಾವೋಸ್ ಎಂಬ ಊರಿದೆ. ಜನಸಂಖ್ಯೆ ಹನ್ನೊಂದು ಸಾವಿರದ ಆಸುಪಾಸು. ಎಂದರೆ ಮೂಡಿಗೆರೆ ಪೇಟೆಗಿಂತ ತುಸು ದೊಡ್ಡದು, ಅಷ್ಟೆ. ಒಂದು ಕಾಲಕ್ಕೆ ಯೂರೋಪಿನ ಕ್ಷಯರೋಗಿಗಳು ಒಳ್ಳೆಯ ಗಾಳಿಯನ್ನು ಅರಸಿ ಅಲ್ಲಿಗೆ ಬರುತ್ತಿದ್ದರು. ೧೯೨೧ರಲ್ಲಿ ಆ ಊರಿನವರು ಐಸ್ ಹಾಕಿಯ ಕ್ಲಬ್ಬೊಂದನ್ನು ಕಟ್ಟಿದರು. ಮತ್ತೆರಡು ವರ್ಷಗಳಲ್ಲಿ, ಅಲ್ಲಿಯ ವೈದ್ಯನಾದ ಕಾರ್ಲ್ ಸ್ಪೆಂಗ್ಲರನು, ಮೊದಲನೆಯ ಮಹಾಯುದ್ಧದಲ್ಲಿ ಒಬ್ಬರನ್ನೊಬ್ಬರು ಕೊಂದ ದೇಶಗಳ ತರುಣರು ಮಂಜುಗಡ್ಡೆಯ ಮೇಲಾದರೂ ಕೂಡಿ ಆಡಲೆಂಬ ಹಾರೈಕೆಯಿಂದ ಒಂದು ಬೆಳ್ಳಿಬಟ್ಟಲ ಪಂದ್ಯವನ್ನು ಆರಂಭಿಸಿದನು. ಮೊದಲ ವರ್ಷ ಅದನ್ನು ಗೆದ್ದದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡ. ಇಂದಿಗೂ ಕ್ರಿಸ್‌ಮಸ್ ಕಳೆದ ಮರುದಿನ ಮೊದಲಾಗಿ ವರ್ಷದ ಕೊನೆಯ ದಿನದವರೆಗೆ ಆ ಪಂದ್ಯ ನಡೆಯುತ್ತದೆ. ಊರಿನ ಕ್ಲಬ್ಬಾದರೋ ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಪ್ರಶಸ್ತಿಯನ್ನು ೩೧ ಸಲ ಗೆದ್ದು, ಆ ದೇಶದಲ್ಲಿ ಬೇರಾವ ಕ್ಲಬ್ಬಿಗೂ ಸಲ್ಲದ ಕೀರ್ತಿಯನ್ನು ಸಂಪಾದಿಸಿದೆ. ೧೯೩೦ರ ದಶಕದಲ್ಲಿ ಅಲ್ಲಿ ಟೊರಿಯಾನಿ ಎಂಬ ಆಟಗಾರನಿದ್ದ. ಅವನ ಎರಡು ಪಕ್ಕಗಳಲ್ಲಿ ಕತ್ತೀನಿ ಎಂಬ ಮನೆತನದ ಅಣ್ಣತಮ್ಮಂದಿರು. ಮೂವರ ಹೆಸರೂ ‘ನಿ’ ಎಂದು ಮುಗಿಯುತ್ತಿದ್ದುದರಿಂದ ಜನರು ಅವರನ್ನು ‘ನಿ-ದಾಳಿ’ ಎಂದೇ ಕರೆಯುತ್ತಿದ್ದರಂತೆ. ೧೯೪೮ರಲ್ಲಿ ಸೇಂಟ್ ಮೊರಿಟ್ಜ್‌ನ ಚಳಿಗಾಲದ ಒಲಿಂಪಿಕ್ಸಿನಲ್ಲಿ ಎಲ್ಲ ಆಟಗಾರರ ಪರವಾಗಿ ಪ್ರತಿಜ್ಞೆ ಸ್ವೀಕರಿಸಿದವನು ಇದೇ ಟೊರಿಯಾನಿ.

ಇಷ್ಟು ಚಿಕ್ಕ ಬೆಟ್ಟದೂರಿಗೆ ಒಂದು ಆಟವೇ ಹೆಸರಾಯಿತು. ಹಾಗಾದರೆ ಈ ಕಾಫಿ ಬೆಟ್ಟಗಳಿಗೆ ಅಂತಹ ಆಟ ಯಾವುದು? ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳಲ್ಲಿ ಬೇಸಗೆಯ ಸಂಜೆ ವಾಲಿಬಾಲ್ ಉಂಟು, ಕಬಡ್ಡಿ ಉಂಟು. ಗದ್ದೆಬಯಲಿನ ಕೂಳೆಯ ಮೇಲೆ ಕ್ರಿಕೆಟ್ಟಂತೂ ಇದ್ದೇ ಇದೆ. ಬಿಳಿಯ ತೋಟಗಾರರು ಕಟ್ಟಿಕೊಂಡ ಕ್ಲಬ್ಬುಗಳಲ್ಲಿ ಟೆನಿಸ್ಸೂ ಬಿಲಿಯರ್ಡ್ಸೂ ಬೆಳೆದವು. ಆದರೆ ಅವು ಬೇಲಿಯೊಳಗಿನ ಆಟಗಳು, ಊರಿನವಾಗಲಿಲ್ಲ. ಕಾಫಿಯ ನಾಡಿನ ಆಟವನ್ನು ನೋಡಬೇಕೆನ್ನುವವರು ಮೂಡಿಗೆರೆಯಿಂದ ದಕ್ಷಿಣಕ್ಕೆ, ಹೇಮಾವತಿಯ ಜೊತೆಯಲ್ಲಿ ಹೊರಡಬೇಕು.

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ. ಸಕಲೇಶಪುರವನ್ನು ಹಾದು ಇಳಿಯುವ ಹೊತ್ತಿಗೆ ಅದು ಮೈದುಂಬಿದ ಹೊಳೆಯಾಗಿರುತ್ತದೆ. ಅಲ್ಲಿಂದ ಕೊಡ್ಲಿಪೇಟೆಯ ದಾರಿ ಹಿಡಿದರೆ ಅದೇ ಹೊಳೆ ಗಡಿಯಾಗಿ ನಿಲ್ಲುತ್ತದೆ. ಈಚೆ ಹಾಸನ ಜಿಲ್ಲೆ, ಆಚೆ ಕೊಡಗು. ಎರಡು ದಡಗಳಲ್ಲಿಯೂ ಅದೇ ಮಣ್ಣು, ಅದೇ ನೆರಳು ಮರಗಳು, ಅವುಗಳಿಗೆ ಹಬ್ಬಿದ ಅದೇ ಮೆಣಸಿನ ಬಳ್ಳಿ. ದಕ್ಷಿಣಕ್ಕೆ ಹೋದಂತೆಲ್ಲ ಅರೇಬಿಕಾ ಕಡಿಮೆಯಾಗಿ ರೊಬಸ್ಟಾ ಹೆಚ್ಚುತ್ತದೆಂಬುದನ್ನು ತೋಟದವರು ಗುರುತಿಸಿಯಾರು. ಪ್ರವಾಸಿಗನ ಕಣ್ಣಿಗೆ ಅದೂ ಬೀಳದು. ಅವನ ಕಣ್ಣಿಗೆ ಬೀಳುವ ವ್ಯತ್ಯಾಸ ಬೇರೆ. ಶನಿವಾರಸಂತೆಯನ್ನು ದಾಟಿ ಸೋಮವಾರಪೇಟೆಯನ್ನು ಸಮೀಪಿಸುವಾಗ, ಶಾಲೆ ಬಿಟ್ಟು ಮನೆಗೆ ಹೊರಟ ಹುಡುಗರ ಬೆನ್ನಿನ ಚೀಲದಿಂದ ಬಾಗಿದ ತುದಿಯ ಸ್ಟಿಕ್ಕೊಂದು ಹೊರಗೆ ಇಣುಕುತ್ತಿರುತ್ತದೆ.

ಸೋಮವಾರಪೇಟೆ ದೊಡ್ಡ ಊರಲ್ಲ. ಪುಷ್ಪಗಿರಿಯ ಕಡೆಯಿಂದ ನುಗ್ಗುವ ಮಳೆಗೆ ಎದೆಯೊಡ್ಡಿ ಕುಳಿತ ಒಂದು ಮಲೆನಾಡ ಪೇಟೆ: ಒಂದು ಬಸ್ ನಿಲ್ದಾಣ, ಕಾಫಿ ಕೊಳ್ಳುವ ಮಂಡಿಗಳು, ಸಂತೆಯ ಬಯಲು. ಆದರೆ ಈ ಊರು ಬೇರೆ ಬೇರೆ ಮೂರು ತಲೆಮಾರುಗಳಲ್ಲಿ ಭಾರತದ ಹಾಕಿ ತಂಡಕ್ಕೆ ಮೂವರು ಒಲಿಂಪಿಕ್ ಆಟಗಾರರನ್ನು ಕೊಟ್ಟಿದೆಯೆಂದರೆ, ಅದರ ಪುಟ್ಟ ಗಾತ್ರವನ್ನು ಕಂಡವರು ಮತ್ತೊಮ್ಮೆ ತಿರುಗಿ ನೋಡುತ್ತಾರೆ.

ಅವರಲ್ಲಿ ಮೊದಲಿಗರು ೧೯೫೧ರಲ್ಲಿ ಹುಟ್ಟಿದ ಬಿ. ಪಿ. ಗೋವಿಂದ. ಮಿಂಚಿನ ಓಟದ ಮುಂಚೂಣಿ ಆಟಗಾರ. ೧೯೭೨ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಮರುವರ್ಷ ಹಾಲೆಂಡಿನಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯ ಇಂದಿಗೂ ಹಳಬರ ನೆನಪಿನಲ್ಲಿದೆ. ಎದುರಾಳಿ ಆತಿಥೇಯ ಹಾಲೆಂಡ್. ನಿಗದಿಯ ವೇಳೆ ಮುಗಿದಾಗ ಎರಡು ತಂಡಗಳೂ ತಲಾ ಎರಡು ಗೋಲು ಗಳಿಸಿದ್ದವು. ಹೆಚ್ಚಿನ ಅವಧಿಯಲ್ಲಿ ಭಾರತಕ್ಕೆ ಒಂದು ಪೆನಾಲ್ಟಿ ಸ್ಟ್ರೋಕ್ ದೊರೆಯಿತು. ಅದು ಗೋಲಾಗಿದ್ದರೆ ವಿಶ್ವಕಪ್ಪು ಅಲ್ಲಿಗೇ ಭಾರತದ್ದು. ಚೆಂಡಿನ ಮುಂದೆ ನಿಂತವರು ಗೋವಿಂದ. ಚೆಂಡನ್ನು ಗೋಲಿ ತಡೆದುಬಿಟ್ಟ. ಕೊನೆಗೆ ಸ್ಟ್ರೋಕುಗಳ ಲೆಕ್ಕದಲ್ಲಿ ಹಾಲೆಂಡ್ ಗೆದ್ದಿತು. ಅಂದು ಭಾರತದ ನಾಯಕರಾಗಿದ್ದವರು ಎಂ. ಪಿ. ಗಣೇಶ್, ಅವರೂ ಕೊಡಗಿನವರೇ. ಸಾವಿರಾರು ಮೈಲಿ ದೂರದ ಮೈದಾನದಲ್ಲಿ, ಒಂದೇ ಪುಟ್ಟ ಜಿಲ್ಲೆಯ ಇಬ್ಬರು, ಒಂದೇ ಸೋಲನ್ನು ಹೀಗೆ ಹಂಚಿಕೊಂಡರು.

ಗೋವಿಂದರ ಆಟ ಅಲ್ಲಿಗೆ ಮುಗಿಯಲಿಲ್ಲ. ೧೯೭೫ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು ೨–೧ರಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದಾಗ ಅವರು ಆ ತಂಡದಲ್ಲಿದ್ದರು. ಭಾರತದ ಪುರುಷರು ಹಾಕಿಯ ವಿಶ್ವಕಪ್ಪನ್ನು ಮೊದಲ ಬಾರಿಗೆ ಎತ್ತಿದ್ದು ಅಂದು. ಆದರೆ ಮರುವರ್ಷವೇ ಆಟದ ನೆಲವೇ ಬದಲಾಯಿತು. ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ, ಒಲಿಂಪಿಕ್ಸಿನ ಚರಿತ್ರೆಯಲ್ಲಿಯೇ ಮೊದಲ ಬಾರಿಗೆ, ಹಾಕಿಯನ್ನು ಹುಲ್ಲಿನ ಮೇಲಲ್ಲದೆ ಟರ್ಫ್ ಎಂಬ ಕೃತಕ ಹಾಸಿನ ಮೇಲೆ ಆಡಿಸಿದರು. ವಿಶ್ವಕಪ್ಪನ್ನು ಗೆದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಗೋವಿಂದರು ಆ ತಂಡದಲ್ಲಿಯೂ ಇದ್ದರು. ಕೆಸರಿನಲ್ಲಿ ನಿಂತುಬಿಡುವ ಚೆಂಡನ್ನು ಎತ್ತಿ ಸಾಗಿಸುವುದನ್ನು ಬಾಲ್ಯದಿಂದ ಕಲಿತ ಮಣಿಕಟ್ಟಿಗೆ, ನೆಲಕ್ಕೆ ಅಂಟಿದಂತೆ ಸರ್ರನೆ ಜಾರುವ ಚೆಂಡು ಎಷ್ಟು ಪರಕೀಯವೆನಿಸಿರಬೇಕು! ಮಲೆನಾಡಿನ ಹಾಕಿಯ ಕಷ್ಟಗಳಲ್ಲಿ ಅರ್ಧಪಾಲು ಆ ಒಂದು ಬದಲಾವಣೆಯಿಂದ ಬಂದದ್ದು. ಮುಂದೆ ಮತ್ತೆ ಆ ಮಾತು ಬರುತ್ತದೆ.

ಎರಡನೆಯವರು ಅರ್ಜುನ್ ಹಾಲಪ್ಪ. ೨೦೦೧ರಲ್ಲಿ ಹೋಬಾರ್ಟಿನಲ್ಲಿ ಕಿರಿಯರ ವಿಶ್ವಕಪ್ಪನ್ನು ಗೆದ್ದ ತಂಡದಲ್ಲಿ ಆಡಿ, ೨೦೦೪ರಲ್ಲಿ ಅಥೆನ್ಸ್ ಒಲಿಂಪಿಕ್ಸನ್ನು ಕಂಡರು. ಮೂರನೆಯವರು ೧೯೮೯ರಲ್ಲಿ ಹುಟ್ಟಿದ ಎಸ್. ವಿ. ಸುನಿಲ್. ಇವರ ಕಥೆಯನ್ನು ಸೋಮವಾರಪೇಟೆಯ ಜನ ಮಕ್ಕಳಿಗೆ ಹೇಳುತ್ತಾರೆ. ನಾಲ್ಕು ವರ್ಷದವರಿರುವಾಗ ತಾಯಿ ತೀರಿಕೊಂಡರು. ಮನೆಯಲ್ಲಿ ಬಡತನ, ಅಂಗಡಿಯ ಸ್ಟಿಕ್ಕನ್ನು ಕೊಳ್ಳುವ ಶಕ್ತಿಯಿಲ್ಲ. ಬಿದಿರಿನ ಕೋಲನ್ನು ಹಿಡಿದು ಆಡಿದರು. ೨೦೦೭ರಲ್ಲಿ ಭಾರತದ ಅಂಗಿ ತೊಟ್ಟರು. ೨೦೦೯ರಲ್ಲಿ ಮಲೇಷಿಯದ ಇಪೋದಲ್ಲಿ ಅಜ್ಲಾನ್ ಷಾ ಪಂದ್ಯಾವಳಿ ನಡೆಯುತ್ತಿರುವಾಗ ತಂದೆಯ ಸಾವಿನ ಸುದ್ದಿ ಬಂತು. ಸುನಿಲ್ ಪಂದ್ಯಾವಳಿಯನ್ನು ಅರ್ಧಕ್ಕೆ ಬಿಟ್ಟು ಬರಲಿಲ್ಲ. ಆ ವರ್ಷ ಭಾರತ ಆ ಬಟ್ಟಲನ್ನು ಗೆದ್ದಿತು. ಮುಂದೆ ಲಂಡನ್, ರಿಯೊ ಎಂದು ಎರಡು ಒಲಿಂಪಿಕ್ಸ್. ನಡುವೆ ೨೦೧೪ರ ಏಷ್ಯನ್ ಕ್ರೀಡೆಗಳ ಚಿನ್ನ. ಅವರ ಓಟವನ್ನು ಕಂಡ ಎದುರಾಳಿಗಳು ರಕ್ಷಣೆಗೆ ಇಬ್ಬರನ್ನು ಬಿಡುತ್ತಿದ್ದರು. ಟೋಕಿಯೊ ಒಲಿಂಪಿಕ್ಸಿಗೆ ತಂಡವನ್ನು ಆರಿಸಿದಾಗ ಮಾತ್ರ ಅವರ ಹೆಸರಿರಲಿಲ್ಲ. ೧೯೮೦ರ ನಂತರ ಹಾಕಿಯಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ ಪದಕ ದೊರೆತದ್ದು ಅದೇ ಟೋಕಿಯೊದಲ್ಲಿ. ಹದಿನಾಲ್ಕು ವರ್ಷ ಆ ಪದಕಕ್ಕಾಗಿ ಓಡಿದವರು ೨೦೨೧ರ ಅಕ್ಟೋಬರಿನಲ್ಲಿ ಸದ್ದಿಲ್ಲದೆ ನಿವೃತ್ತರಾದರು.

ಇಲ್ಲಿ ಹೆಸರುಗಳ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸುನಿಲರ ಹೆಸರಿನ ಮೊದಲ ಅಕ್ಷರವಾದ ‘ಎಸ್’ ಎಂದರೆ ಸೋಮವಾರಪೇಟೆ. ಹೋದ ಹೋದ ದೇಶಗಳಲ್ಲೆಲ್ಲ ಅವರು ಊರನ್ನೇ ಹೊತ್ತು ತಿರುಗಿದರು. ಆದರೆ ಎಂ. ಪಿ. ಗಣೇಶರ ಮೊದಲ ‘ಎಂ’ ಊರಲ್ಲ; ಅದು ಮೊಳ್ಳೇರ. ೧೯೮೦ರ ಮಾಸ್ಕೊ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದು, ೧೯೮೮ರಲ್ಲಿ ಸೋಲ್ ಒಲಿಂಪಿಕ್ಸಿಗೆ ಭಾರತದ ನಾಯಕರಾಗಿ ಹೋದ ಎಂ. ಎಂ. ಸೋಮಯ್ಯನವರ ಮೊದಲ ‘ಎಂ’ ಮನೆಯಪಂಡ. ಗೋಲಿನ ಬಾಗಿಲನ್ನು ಬಹುಕಾಲ ಕಾಯ್ದ ಎ. ಬಿ. ಸುಬ್ಬಯ್ಯನವರ ‘ಎ’ ಅಂಜಪರವಂಡ, ಎಸ್. ಕೆ. ಉತ್ತಪ್ಪನವರ ‘ಎಸ್’ ಸಣ್ಣುವಂಡ. ರೇಡಿಯೊದಲ್ಲಿ ವಿವರಣೆ ಕೇಳಿದವರಿಗೆ ಇವು ಬರಿಯ ಅಕ್ಷರಗಳು. ಕೊಡವರಿಗೆ ಅವು ಒಕ್ಕದ ಹೆಸರುಗಳು. ಒಬ್ಬ ಮೂಲಪುರುಷನಿಂದ ಬಂದ ಎಲ್ಲರೂ ಸೇರಿ ಒಂದು ಒಕ್ಕ. ಅದಕ್ಕೊಂದು ಹಿರಿಯ ಮನೆ, ಐನ್‌ಮನೆ. ಒಕ್ಕದ ಹೆಸರು ‘ಅಂಡ’ ಎಂದೋ ‘ಇರ’, ‘ಏರ’ ಎಂದೋ ಮುಗಿಯುವುದು ಸಾಮಾನ್ಯ. ದಾವೋಸಿನ ‘ನಿ-ದಾಳಿ’ಯಲ್ಲಿ ಮೂವರಿದ್ದರು, ಇಲ್ಲಿ ಒಂದಿಡೀ ನಾಡೇ ಇದೆ.

ಒಂದೇ ಕಾಫಿ ಬೆಳೆಯುವ ಎರಡು ದಡಗಳಲ್ಲಿ ಒಂದಕ್ಕೆ ಮಾತ್ರ ಈ ಆಟ ಹೇಗೆ ಒಲಿಯಿತು? ಚಿಕ್ಕಮಗಳೂರಿನ ಸೀಮೆ ಮೈಸೂರಿನ ಅರಸರ ಆಳ್ವಿಕೆಯಲ್ಲಿತ್ತು. ಕೊಡಗನ್ನಾದರೋ ೧೮೩೪ರಲ್ಲಿ ಇಂಗ್ಲಿಷರು ನೇರವಾಗಿ ತಮ್ಮ ಕೈಗೆ ತೆಗೆದುಕೊಂಡರು. ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರುವವರೆಗೆ ಅದರ ಆಡಳಿತ ಪ್ರತ್ಯೇಕವಾಗಿಯೇ ಇತ್ತು. ಮೊದಲೇ ಆಯುಧವನ್ನು ಪೂಜಿಸುವ ಜನ. ಸೈನ್ಯದ ಬಾಗಿಲು ಅವರಿಗೆ ವಿಶಾಲವಾಗಿ ತೆರೆಯಿತು. ೧೯೪೯ರಲ್ಲಿ ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ದಂಡನಾಯಕರಾದ ಕಾರಿಯಪ್ಪನವರೂ, ೧೯೫೭ರಿಂದ ೧೯೬೧ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರೂ ಈ ನಾಡಿನವರೆಂಬುದನ್ನು ಓದುಗರು ಬಲ್ಲರು. ಸೈನ್ಯದ ಪಾಳೆಯಗಳಲ್ಲಿ ಹಾಕಿ ನಿತ್ಯದ ಆಟ. ರಜೆಯಲ್ಲಿ ಊರಿಗೆ ಬಂದ ಸಿಪಾಯಿಯ ಟ್ರಂಕಿನಲ್ಲಿ ಸ್ಟಿಕ್ಕೂ ಬಂತು. ಹೊಲಗದ್ದೆಗಳ ನಡುವಿನ ಬಯಲುಗಳಲ್ಲಿ ಆಟವೂ ಬಂತು. ಗಣೇಶರು ಮೊದಲು ಕೊಡಗಿನ ಫುಟ್‌ಬಾಲ್ ಆಟಗಾರರಾಗಿದ್ದವರು. ಸೈನ್ಯವನ್ನು ಸೇರಿದ ಮೇಲೆ ಹಾಕಿಯಲ್ಲಿ ಹೆಸರಾದರು ಎಂಬುದೊಂದೇ ಈ ಮಾತಿಗೆ ಸಾಕ್ಷಿಯಾಗಬಲ್ಲದು. ಒಮ್ಮೆ ನೆಲಕ್ಕೆ ಬಿದ್ದ ಬೀಜ ಜಾತಿಯನ್ನೂ ಒಕ್ಕವನ್ನೂ ಕೇಳಿ ಮೊಳೆಯಲಿಲ್ಲ. ಸೋಮವಾರಪೇಟೆಯ ಹಾಲಪ್ಪ, ಸುನಿಲರಾಗಲಿ, ಹಾತೂರಿನ ವಿ. ಆರ್. ರಘುನಾಥರಾಗಲಿ ಕೊಡವರಲ್ಲ.

ಈಗ ಸೋಮವಾರಪೇಟೆಯನ್ನು ಬಿಟ್ಟು, ಮಡಿಕೇರಿಯ ಮೇಲೆ ಹಾದು, ವಿರಾಜಪೇಟೆಯ ಸೀಮೆಗೆ ಇಳಿಯಬೇಕು. ಅಲ್ಲಿ ಕರಡ ಎಂಬ ಹಳ್ಳಿ. ೧೯೯೭ರಲ್ಲಿ ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಪಾಂಡಂಡ ಕುಟ್ಟಪ್ಪನವರಿಗೆ ಒಂದು ಯೋಚನೆ ಹೊಳೆಯಿತು. ಒಕ್ಕಗಳು ಚದುರುತ್ತಿವೆ. ಹುಡುಗರು ಬೆಂಗಳೂರಿನಲ್ಲಿ, ಪಟ್ಟಾಳದಲ್ಲಿ, ಪರದೇಶಗಳಲ್ಲಿ. ಐನ್‌ಮನೆಯ ಬಾಗಿಲು ಪುತ್ತರಿಗೊಮ್ಮೆ ತೆರೆದರೆ ಹೆಚ್ಚು. ದಾಯಾದಿಗಳಲ್ಲಿ ಮಾತು ನಿಂತ ಮನೆಗಳು ಎಷ್ಟೋ. ಇವರೆಲ್ಲರನ್ನೂ ಒಂದು ಬಯಲಿಗೆ ಕರೆಯುವುದು ಹೇಗೆ? ಪಂಚಾಯಿತಿಗೆ ಕರೆದರೆ ಜಗಳವಾದೀತು. ಊಟಕ್ಕೆ ಕರೆದರೆ ಉಂಡು ಹೋದಾರು. ಹಾಕಿಗೆ ಕರೆದರೆ? ಯುದ್ಧದಲ್ಲಿ ಮುರಿದ ಯೂರೋಪನ್ನು ಆಟಕ್ಕೆ ಕರೆದ ದಾವೋಸಿನ ವೈದ್ಯನನ್ನು ಈ ನಿವೃತ್ತ ಬ್ಯಾಂಕ್ ನೌಕರರು ಬಲ್ಲವರಾಗಿರಬೇಕಿಲ್ಲ. ಯೋಚನೆ ಮಾತ್ರ ಒಂದೇ ಜಾಡಿನದು.

ನಿಯಮ ಸರಳ. ತಂಡವೆಂದರೆ ಒಕ್ಕ, ಬೇರೆ ಒಕ್ಕದವನಿಗೆ ಪ್ರವೇಶವಿಲ್ಲ. ದುಡ್ಡು ಕೊಟ್ಟು ಆಟಗಾರನನ್ನು ತರುವಂತಿಲ್ಲ. ಮನೆಯಲ್ಲಿ ಒಲಿಂಪಿಕ್ ಆಟಗಾರನಿದ್ದರೆ ಭಾಗ್ಯ. ಇಲ್ಲದಿದ್ದರೆ ಇದ್ದವರಲ್ಲಿಯೇ ಹನ್ನೊಂದು ಮಂದಿಯನ್ನು ಹೊಂದಿಸಬೇಕು. ಆ ವರ್ಷ ಕರಡಕ್ಕೆ ೬೦ ಒಕ್ಕಗಳು ಬಂದವು. ಅನಂತರ ವರ್ಷಕ್ಕೊಂದು ಒಕ್ಕ ಆತಿಥ್ಯದ ಹೊಣೆ ಹೊತ್ತಿತು. ಬಟ್ಟಲಿಗೂ ಹಬ್ಬಕ್ಕೂ ಆ ಒಕ್ಕದ ಹೆಸರು. ೨೦೧೮ರಲ್ಲಿ ಕುಲ್ಲೇಟಿರ ಒಕ್ಕ ನಾಪೋಕ್ಲುವಿನಲ್ಲಿ ನಡೆಸಿದಾಗ ೩೨೯ ತಂಡಗಳು. ಆ ವರ್ಷದ ಆಗಸ್ಟಿನಲ್ಲಿ ಬೆಟ್ಟಗಳೇ ಕುಸಿದು ಕೊಡಗು ತತ್ತರಿಸಿತು. ೨೦೧೯ರಲ್ಲಿ ಹಬ್ಬ ನಡೆಯಲಿಲ್ಲ. ಹಿಂದೆಯೇ ಕೋವಿಡ್ ಬಂದು ಮತ್ತೆ ಮೂರು ವರ್ಷ ಮೈದಾನ ಬರಿದಾಯಿತು. ಇನ್ನು ಮುಗಿಯಿತೆಂದೇ ಕೆಲವರು ಭಾವಿಸಿದ್ದರು. ಆದರೆ ೨೦೨೩ರಲ್ಲಿ ಅಪ್ಪಚೆಟ್ಟೋಳಂಡ ಒಕ್ಕ ಕರೆದಾಗ ಬಂದ ತಂಡಗಳು ೩೩೬. ೨೦೨೪ರಲ್ಲಿ ಕುಂಡ್ಯೋಳಂಡ ಬಟ್ಟಲಿಗೆ ೩೬೦. ಅಷ್ಟು ದೊಡ್ಡ ಹಾಕಿ ಪಂದ್ಯಾವಳಿ ಜಗತ್ತಿನಲ್ಲಿ ಬೇರಿಲ್ಲವೆಂದು ಗಿನ್ನೆಸ್ ದಾಖಲೆಯೂ ಆಯಿತು. ೨೦೨೫ರಲ್ಲಿ ಮಡಿಕೇರಿಯ ಮುದ್ದಂಡ ಬಟ್ಟಲಿಗೆ ೩೯೬.

ಹಬ್ಬದ ಕಾಲ ಏಪ್ರಿಲ್ ಮತ್ತು ಮೇ ತಿಂಗಳು. ಕಾರಣವನ್ನು ತೋಟವೇ ಹೇಳುತ್ತದೆ. ಕಾಫಿಯ ಕುಯ್ಲು ಮುಗಿದು, ಒಣಗಿಸಿದ ಹಣ್ಣು ಮೂಟೆಯಾಗಿ ಮನೆಯಿಂದ ಹೊರಟಿರುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡೂ ಬಿಡುವೂ ಉಂಟು. ಮಕ್ಕಳಿಗೆ ಶಾಲೆಯ ರಜೆ. ಮುಂಗಾರಿಗೆ ಇನ್ನೂ ಕೆಲವು ವಾರಗಳಿವೆ. ದಾವೋಸಿನಲ್ಲಿ ನೀರು ಗಟ್ಟಿಯಾದಾಗ ಆಟ. ಇಲ್ಲಿ ನೆಲ ಗಟ್ಟಿಯಾದಾಗ.

ನಾಪೋಕ್ಲುವಿನ ಚೆರಿಯಪರಂಬು ಮೈದಾನಕ್ಕೆ ಜನರಲ್ ತಿಮ್ಮಯ್ಯನವರ ಹೆಸರು. ಹಬ್ಬದ ದಿನಗಳಲ್ಲಿ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದಾದ ಮೇಲೊಂದು ಪಂದ್ಯ; ಪಕ್ಕಪಕ್ಕದ ಬಯಲುಗಳಲ್ಲಿ ಏಕಕಾಲಕ್ಕೆ ಆಟ. ಆರಂಭದ ದಿನ ಕರಿಯ ಕುಪ್ಪಸ ತೊಟ್ಟು, ಕ್ಯಾಂಪು ಬಣ್ಣದ ಚೇಲೆ ಬಿಗಿದು, ಸೊಂಟಕ್ಕೆ ಬೆಳ್ಳಿಯ ಪೀಚೆಕತ್ತಿ ಸಿಕ್ಕಿಸಿದ ಹಿರಿಯರು, ಕೊಡಗಿನ ಶೈಲಿಯಲ್ಲಿ ನೆರಿಗೆಯನ್ನು ಹಿಂದಕ್ಕೆ ಕಟ್ಟಿದ ಸೀರೆಯ ಹೆಂಗಸರು, ವಾಲಗದ ನಾದ, ಬಾನಿಗೆ ಹಾರುವ ಕೋವಿಯ ಗುಂಡು. ಆಮೇಲೆ ಮೈದಾನಕ್ಕೆ ಇಳಿಯುವ ತಂಡವನ್ನು ನೋಡಬೇಕು! ಅರವತ್ತು ದಾಟಿದ ಅಜ್ಜ ರಕ್ಷಣೆಗೆ, ಹತ್ತು ವರ್ಷದ ಮೊಮ್ಮಗ ಬಲಮೂಲೆಗೆ. ನಡುವೆ ಎಂಜಿನಿಯರಿಂಗ್ ಓದುವ ಹುಡುಗಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ತವರಿನ ಒಕ್ಕಕ್ಕೆ ಆಡಬಹುದು. ಹಾಗಾಗಿ ಗಂಡನ ಒಕ್ಕದ ಎದುರು ಹೆಂಡತಿ ಸ್ಟಿಕ್ಕು ಹಿಡಿದು ನಿಲ್ಲುವ ಸಂದರ್ಭಗಳೂ ಬರುತ್ತವೆ. ಆಗ ಪ್ರೇಕ್ಷಕರ ಕಡೆಯಿಂದ ಏಳುವ ನಗೆಯ ಅಲೆಗೆ ಯಾವ ಗೋಲೂ ಸಮವಲ್ಲ. ಮೊದಲ ಸುತ್ತಿನಲ್ಲಿಯೇ ಹತ್ತು ಗೋಲಿನಿಂದ ಸೋತ ಒಕ್ಕ ಮರದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತದೆ. ಎಷ್ಟೋ ವರ್ಷ ಮುಖ ನೋಡದ ಅಣ್ಣತಮ್ಮಂದಿರು ಒಂದೇ ಬುತ್ತಿಯಿಂದ ಕಡುಬು ತೆಗೆದುಕೊಳ್ಳುತ್ತಾರೆ. ಕೈಕುಲುಕಿ ರಾಜಿಯಾದರೆಂದು ಯಾರೂ ಘೋಷಿಸುವುದಿಲ್ಲ. ಪಂದ್ಯದ ಮಾತು ಸಾಗಿರುತ್ತದೆ, ಅಷ್ಟೆ.

ಇಷ್ಟೆಲ್ಲ ಸಂಭ್ರಮದ ನಡುವೆ ಒಂದು ಲೆಕ್ಕವನ್ನು ಮರೆಮಾಚುವುದು ನ್ಯಾಯವಲ್ಲ. ೨೦೧೨ರ ಲಂಡನ್ ಒಲಿಂಪಿಕ್ಸಿನಲ್ಲಿ ಕೊಡಗಿನ ಮೂವರು ಭಾರತಕ್ಕೆ ಆಡಿದರು: ಸುನಿಲ್, ರಘುನಾಥ್, ಉತ್ತಪ್ಪ. ೨೦೧೬ರ ರಿಯೊದಲ್ಲಿ ಆ ಮೂವರ ಜೊತೆಗೆ ನಿಕಿನ್ ತಿಮ್ಮಯ್ಯ ಸೇರಿ ನಾಲ್ವರಾದರು. ಹದಿನಾರು ಮಂದಿಯ ತಂಡದಲ್ಲಿ ನಾಲ್ಕನೆಯ ಒಂದು ಪಾಲು ಒಂದೇ ಜಿಲ್ಲೆಯದು! ಟೋಕಿಯೊದಲ್ಲಿ ಒಬ್ಬರೂ ಇರಲಿಲ್ಲ. ೨೦೨೪ರಲ್ಲಿ ಪ್ಯಾರಿಸಿನಲ್ಲಿಯೂ ಇರಲಿಲ್ಲ. ಎರಡು ಸಲವೂ ಭಾರತ ಪದಕ ಗೆದ್ದಿತು. ಬಯಲಿನಲ್ಲಿ ತಂಡಗಳು ೩೨೯ರಿಂದ ೩೯೬ಕ್ಕೆ ಏರಿದ ಅದೇ ವರ್ಷಗಳಲ್ಲಿ ಭಾರತದ ಒಲಿಂಪಿಕ್ ತಂಡದಲ್ಲಿ ಕೊಡಗಿನ ಸಂಖ್ಯೆ ನಾಲ್ಕರಿಂದ ಸೊನ್ನೆಗೆ ಇಳಿದಿದೆ.

ಹಬ್ಬವನ್ನು ದೂರುವುದು ಸುಲಭ. ಆದರೆ ಅದು ತಪ್ಪು. ಒಲಿಂಪಿಕ್ ಆಟಗಾರರನ್ನು ತಯಾರಿಸುತ್ತೇನೆಂದು ಕುಟ್ಟಪ್ಪನವರು ಹೊರಟಿರಲಿಲ್ಲ. ಅವರು ಬಯಸಿದ್ದು ಒಕ್ಕಗಳು ಕೂಡಲೆಂದು, ಅವು ಕೂಡಿವೆ. ನಿಜವಾದ ತೊಡಕು ೧೯೭೬ರ ಮಾಂಟ್ರಿಯಲ್‌ನದೇ. ದೊಡ್ಡ ಹಾಕಿ ಅಂದಿನಿಂದ ಟರ್ಫಿನ ಆಟ. ಹಬ್ಬ ಇಂದಿಗೂ ಮಣ್ಣಿನದು. ಪೊನ್ನಂಪೇಟೆ, ಕೂಡಿಗೆಗಳ ಕ್ರೀಡಾಶಾಲೆಗಳಲ್ಲಿ ಟರ್ಫ್ ಬಂದಿದೆ ನಿಜ. ಆದರೆ ಅಲ್ಲಿಗೆ ಸೇರುವ ಭಾಗ್ಯ ಎಷ್ಟು ಮಕ್ಕಳಿಗೆ? ಪಂಜಾಬಿನಲ್ಲಿ, ಒಡಿಶಾದ ಸುಂದರಗಢದಲ್ಲಿ ಹುಡುಗರು ಚಿಕ್ಕಂದಿನಿಂದ ಆ ಹಾಸಿನ ಮೇಲೆ ಓಡುತ್ತಿರುವಾಗ, ಇಲ್ಲಿಯ ಹುಡುಗ ಮಣ್ಣಿನಲ್ಲಿ ಕಲಿತದ್ದನ್ನು ಹದಿನಾರನೆಯ ವಯಸ್ಸಿನಲ್ಲಿ ಮರೆತು ಹೊಸದಾಗಿ ಕಲಿಯಬೇಕು.

ಹಣದ ಮಾತೂ ಇದೆ. ದಾವೋಸಿನ ಆಟಗಾರ ಇಂದು ಸಂಬಳದ ಆಟಗಾರ. ಊರಿನ ಹೆಸರೇ ಅವನ ಅಂಗಿಯ ಮೇಲೆ. ಭಾರತದಲ್ಲಿ ೨೦೧೩ರಲ್ಲಿ ಹಾಕಿ ಇಂಡಿಯಾ ಲೀಗ್ ಆರಂಭವಾಗಿ ೨೦೧೭ರವರೆಗೆ ನಡೆಯಿತು. ನಿಂತುಹೋದದ್ದು ೨೦೨೪ರ ಕೊನೆಯಲ್ಲಿ ಮತ್ತೆ ಜೀವ ಪಡೆಯಿತು. ಅದರಲ್ಲಿ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. ಮೊದಲ ವರ್ಷ ರಘುನಾಥರು ಉತ್ತರ ಪ್ರದೇಶದ ತಂಡಕ್ಕೆ ನಾಯಕರಾದರು. ಸುನಿಲರು ಪಂಜಾಬಿಗೆ ಆಡಿದರು. ಕರ್ನಾಟಕದ ಹೆಸರಿನ ತಂಡ ಆ ಲೀಗಿನಲ್ಲಿ ಅಂದೂ ಇರಲಿಲ್ಲ, ಮತ್ತೆ ಆರಂಭವಾದಾಗಲೂ ಇರಲಿಲ್ಲ. ಇಷ್ಟು ಆಟಗಾರರನ್ನು ಹೆತ್ತ ನಾಡಿನ ಬಾಲಕನೊಬ್ಬ ದೂರದರ್ಶನದ ಮುಂದೆ ಕುಳಿತು ‘ನಮ್ಮ ತಂಡ ಯಾವುದು?’ ಎಂದು ಕೇಳಿದರೆ ಮನೆಯ ಹಿರಿಯರು ಏನು ಹೇಳಬೇಕು? ಅವನು ಕೊಡವನಾಗಿದ್ದರೆ ಒಕ್ಕವನ್ನು ತೋರಿಸಬಹುದು. ಸೋಮವಾರಪೇಟೆಯ ಅಂಗಡಿಬೀದಿಯ ಹುಡುಗನಾಗಿದ್ದರೆ ಅದೂ ಇಲ್ಲ. ಅವನಿಗಿರುವುದು ಸುನಿಲರ ಹೆಸರಿನ ಆ ಮೊದಲಕ್ಷರ.

ಮರಳಿ ಉತ್ತರಕ್ಕೆ, ಚಿಕ್ಕಮಗಳೂರಿನ ದಾರಿ ಹಿಡಿದಾಗ ಈ ಮಾತುಗಳು ಪ್ರವಾಸಿಗನೊಡನೆ ಬರುತ್ತವೆ. ಈಚೆ ದಡಕ್ಕೂ ಆಟಗಾರರ ಬರವೇನಿಲ್ಲವೆನ್ನಿ. ಭಾರತದ ಮಹಿಳೆಯರ ಕ್ರಿಕೆಟ್ ತಂಡದಲ್ಲಿ ೨೦೧೭ರ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಲಾರ್ಡ್ಸ್ ಮೈದಾನದಲ್ಲಿ ಆಡಿದ ವೇದಾ ಕೃಷ್ಣಮೂರ್ತಿ ಇದೇ ಜಿಲ್ಲೆಯ ಕಡೂರಿನವರು. ಆದರೆ ಕಡೂರು ಬಯಲುಸೀಮೆ. ಬೆಟ್ಟದ ಮೇಲಣ ಊರುಗಳ ಮೈದಾನಗಳು ಇನ್ನೂ ತಮ್ಮ ಆಟಕ್ಕಾಗಿ ಕಾಯುತ್ತಿರುವಂತೆ ತೋರುತ್ತದೆ.

ಮೇ ತಿಂಗಳ ಕೊನೆಗೆ ಹಬ್ಬದ ಚಪ್ಪರ ಬಿಚ್ಚುತ್ತಾರೆ. ಬಟ್ಟಲು ಗೆದ್ದ ಒಕ್ಕದ ಐನ್‌ಮನೆಗೆ ಹೋಗುತ್ತದೆ. ಮುಂದಿನ ವರ್ಷದ ಹೊಣೆ ಹೊತ್ತವರು ಆಗಲೇ ಖರ್ಚಿನ ಪಟ್ಟಿ ಬರೆಯತೊಡಗಿರುತ್ತಾರೆ. ವಾರ ಹತ್ತು ದಿನಗಳಲ್ಲಿ ಮುಂಗಾರು ಇಳಿಯುತ್ತದೆ. ಜಾವಳಿಯ ಕಡೆಯಿಂದ ಕೆಂಪು ನೀರನ್ನು ಹೊತ್ತು ಹೇಮಾವತಿ ಕೊಡ್ಲಿಪೇಟೆಯ ಮಗ್ಗುಲಲ್ಲಿ ದಡ ಮುಟ್ಟುತ್ತದೆ. ಆ ಮಳೆಯಲ್ಲಿ, ಸಂಜೆ ಶಾಲೆ ಬಿಟ್ಟ ಮೇಲೆ, ಸೋಮವಾರಪೇಟೆಯ ಹುಡುಗರು ಪುಸ್ತಕದ ಚೀಲಗಳನ್ನು ಜಗಲಿಯ ಮೇಲಿಟ್ಟು ಬಯಲಿಗೆ ಇಳಿಯುತ್ತಾರೆ. ಚೆಂಡು ಎರಡು ಮಾರು ಉರುಳಿ ಕೆಸರಿನಲ್ಲಿ ನಿಂತುಬಿಡುತ್ತದೆ. ಅದನ್ನು ಎತ್ತಿ ಸಾಗಿಸಲು ನಾಲ್ಕಾರು ಸ್ಟಿಕ್ಕುಗಳು ಒಟ್ಟಿಗೆ ನುಗ್ಗುತ್ತವೆ.